ಸೊಂಟದ ಗಂಟು

ದಾದಾಪೀರ ಅಂಗಡಿ ಮುಚ್ಚುವ ವಾರ
ಎರಡು ಸಾವಿರದ ಮುನ್ನೂರಕ್ಕೆ ಕೊಟ್ಟ ಕ್ಯಾಮೆರಾ.
ಬ್ಯಾಟರಿಯ ಬಾಗಿಲು ನಿಲ್ಲದು, ರಬ್ಬರ್ ಬ್ಯಾಂಡ್ ಬಿಗಿದಿದ್ದೇನೆ.
ಮುಂದಿನ ಗಾಜು ಯಾವುದೋ ಸತ್ತ ರೀಲು ಕ್ಯಾಮೆರಾದ್ದು.
ಹಿಂದುಮುಂದಾಗಿ ಅಂಟಿಸಿಕೊಟ್ಟು ಹೇಳಿದ:
"ಮೇಡಂ, ಇದು ಮದುವೆಗೆ ಬರಲ್ಲ, ಬೆಟ್ಟಕ್ಕೆ ಬರಲ್ಲ.
ಎರಡು ಬೆರಳಷ್ಟು ಹತ್ತಿರ ಹೋದ್ರೆ ಮಾತ್ರ
ಕಣ್ಣು ಬಿಡುತ್ತೆ."

ವಾರಕ್ಕೆ ಆರು ದಿನ
ಜಿಲ್ಲಾ ಆಸ್ಪತ್ರೆಯ ಹನ್ನೊಂದನೇ ಕೋಣೆ,
ಊರವರ ರಕ್ತ ನನ್ನ ಗಾಜಿನ ಕೆಳಗೆ.
ಏಳನೆಯ ದಿನ ಚಂದ್ರವಳ್ಳಿ ಕೆರೆಯ ಆಚೆ
ಬಂಡೆಗಳ ಸಂದಿಯಲ್ಲಿ ಬೋರಲು ಮಲಗುತ್ತೇನೆ.
ಮೊಣಕೈಗೆ ಹಳೆಯ ಕಾಲುಚೀಲ,
ಫ್ಲ್ಯಾಶಿನ ಮುಖಕ್ಕೆ ತೊಳೆದ ಹಾಲಿನ ಪಾಕೀಟು,
ಬೆಳಕು ಸ್ವಲ್ಪ ಮೆತ್ತಗಾಗಲಿ ಎಂದು.

ಕುರಿಯ ಹಿಂದೆ ಬಂದ ಅಜ್ಜಿ ನಿಂತಳು.
"ಏನವ್ವ ಕಳ್ಕಂಡೆ? ಓಲೇನಾ?"
"ಇಲ್ಲಜ್ಜಿ, ಇರುವೆ."
"ಇರುವೆ ಕಳ್ಕಂಡ್ಯಾ!"
ಕೋಲಿಗೆ ಗದ್ದ ಊರಿ ನಕ್ಕಳು. ಅಷ್ಟರಲ್ಲಿ
ಒಂದು ಮರಿ ನನ್ನ ಬುತ್ತಿಯ ಗಂಟು ಬಿಚ್ಚಿತ್ತು.

ಅವಳ ಲೆಕ್ಕದಲ್ಲಿ ಇರುವೆ ಮೂರೇ:
ಕಚ್ಚುವುದು, ಕಚ್ಚದ್ದು, ಬೆಲ್ಲಕ್ಕೆ ಬರುವುದು.
ನನ್ನ ನೋಟುಬುಕ್ಕಿನಲ್ಲಿ ನಲವತ್ತೊಂದು.
ಗುರುತು ಹಿಡಿಯಲು ಮೊದಲು ಸೊಂಟ ನೋಡಬೇಕು.
ಎದೆಗೂ ಹೊಟ್ಟೆಗೂ ನಡುವೆ ಒಂದು ಗಂಟೋ, ಎರಡೋ?
ಎರಡಿದ್ದರೆ ಮನೆತನವೇ ಬೇರೆ.
ಆಮೇಲೆ ಬೆನ್ನಿನ ಮುಳ್ಳು, ಮೀಸೆಯ ಮಡಿಕೆ,
ಹೊಟ್ಟೆಯ ಮೇಲಿನ ರೋಮ
ಬಂಗಾರವೋ ಬರೀ ಬೂದಿಯೋ.
ಹೆಸರು ಸಿಗದವಕ್ಕೆ ನಾನೇ ಇಟ್ಟಿದ್ದೇನೆ:
ಎಣ್ಣೆಕೊಳದ ಕರಿಯ, ಧವಳಪ್ಪನ ಗುಡ್ಡದ ಕೆಂಚಿ,
ಹಿಂದಕ್ಕೆ ತಿರುಗಿ ತಿರುಗಿ ನೋಡುವ ಸುಬೇದಾರ.

ಹುಲ್ಲುಬೀಜ ಕೂಡಿಡುವ ಜಾತಿಯೊಂದಿದೆ.
ಗೂಡಿನ ಬಾಯಿಗೆ ಮಣ್ಣಿನ ಸುತ್ತು,
ಸುತ್ತಿನಾಚೆ ಇನ್ನೊಂದು ಸುತ್ತು.
ದುರ್ಗದವಳಲ್ಲವೇ, ಉಸಿರು ಹಿಡಿದು ಎಣಿಸಿದೆ.
ಏಳಿರಲಿಲ್ಲ. ನಾಲ್ಕು.
ಐದನೆಯದು ನನ್ನ ಮೊಣಕೈ ಕೆಳಗೆ
ಪುಡಿಯಾಗಿತ್ತು.

ಇರುವೆ ನಿಲ್ಲುವುದಿಲ್ಲ.
ಆ ಭಾನುವಾರ ನೂರಾ ಹದಿಮೂರು ಚಿತ್ರ:
ನೂರಾ ಹತ್ತರಲ್ಲಿ ಓಡಿಹೋದ ಒಂದು ಕಂದು ಗೀಟು,
ಎರಡರಲ್ಲಿ ನನ್ನ ಹೆಬ್ಬೆರಳು.
ಉಳಿದ ಒಂದು ಹೊಂಗೆ ಎಲೆಯ ಮೇಲೆ, ಹೇಗೋ ಏನೋ,
ಕಾಲಿನ ಕೂದಲು ಕೂಡ ಎಣಿಸುವ ಹಾಗೆ.
"ನಲವತ್ತೆರಡು. ಕೆಂಜಿಗ" ಎಂದು ಅಲ್ಲೇ ಬರೆದೆ.

ರಾತ್ರಿ ಸಾರು ಕುದಿಯಲು ಇಟ್ಟು
ಚಿತ್ರ ದೊಡ್ಡದು ಮಾಡಿದೆ. ಕಾಲು ಎಣಿಸಿದೆ,
ಎಣಿಸುವ ಕೈಗೆ ಅದೇ ರೂಢಿ. ಎಂಟು.
ಮತ್ತೆ ಎಣಿಸಿದೆ.
ಮೀಸೆ ಅಂದುಕೊಂಡದ್ದು ಮೇಲೆತ್ತಿ ಹಿಡಿದ ಮುಂಗಾಲು.
ಸೊಂಟ ಅಂದುಕೊಂಡದ್ದು ಬರೀ ಒಳಗೆಳೆದುಕೊಂಡ ಮೈ,
ಒಂದೂ ಗಂಟಿಲ್ಲ.
ಜೇಡ.
ಕೆಂಜಿಗಗಳ ಸಾಲಿನ ಅಂಚಿನಲ್ಲೇ
ಅವುಗಳ ಹಾಗೆ ತಡವರಿಸಿ, ಅವುಗಳ ಹಾಗೆ ಅವಸರಿಸಿ
ಹಕ್ಕಿಯ ಕೊಕ್ಕು ತಪ್ಪಿಸಿಕೊಂಡ ಜೇಡ.
ಹಗಲೆಲ್ಲ ಎರಡು ಕಾಲು ಗಾಳಿಯಲ್ಲಿ!
ನೋಯುವುದಿಲ್ಲವೇನೇ?

ಸಾರು ಉಕ್ಕಿ ಒಲೆ ಆರಿತು.
ನಲವತ್ತೆರಡರ ಮೇಲೆ ಗೀಟು ಎಳೆಯಲು ಹೋದೆ,
ಆಸ್ಪತ್ರೆಯಲ್ಲಾದರೆ ಎಳೆದು ಸಹಿ ಹಾಕಬೇಕು.
ಇಲ್ಲಿ ಎಳೆಯಲಿಲ್ಲ.
ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದೆ:
"ಇರುವೆ ಅಲ್ಲ. ಆದರೆ ಇರುವೆಗಳ ತಕರಾರಿಲ್ಲ."

ಮುಂದಿನ ವಾರ ಅಜ್ಜಿ ದೂರದಿಂದಲೇ ಕೂಗಿದಳು,
"ಸಿಕ್ತೇನವ್ವ ನಿಂದು?"
"ಬೇರೆ ಯಾರದೋ ಸಿಕ್ತಜ್ಜಿ."
"ಇಟ್ಕಾ ಹಂಗಾದ್ರೆ, ಕೇಳ್ಕಂಡು ಬತ್ತಾರೆ."

ಕಾಲುಚೀಲ ಏರಿಸಿಕೊಂಡೆ.
ಈ ಸಲ ಮೊಣಕೈ ಊರುವ ಮೊದಲು
ನೆಲ ನೋಡಿದೆ.